ಹೆದ್ದಾರಿಯ ಲೆಕ್ಕವೂ ಚಾಲಕನ ನಿದ್ರೆಯೂ

ಬೆಂಗಳೂರಿನಿಂದ ದೆಹಲಿಗೆ ಸರಕು ಹೊತ್ತು ಹೊರಡುವ ಲಾರಿಯೊಂದಕ್ಕೆ ಮಾರ್ಗವನ್ನು ಗೊತ್ತುಮಾಡುವ ಕ್ರಮವನ್ನು ಕಂಡವರಿಗೆ ಅದೊಂದು ಸಣ್ಣ ರಾಜ್ಯಭಾರದಂತೆಯೇ ತೋರುವುದು. ಎಷ್ಟು ಟನ್ನು, ಎಷ್ಟು ಗಾಲಿ, ಎಷ್ಟು ಲೀಟರು ಡೀಸೆಲು, ಎಷ್ಟು ಟೋಲಿನ ಕಟ್ಟೆ, ಯಾವ ನಗರಕ್ಕೆ ಯಾವ ಹೊತ್ತಿನಲ್ಲಿ ಪ್ರವೇಶ, ಹಿಂದಿರುಗುವಾಗ ಯಾವ ಸರಕು, ಇವೆಲ್ಲಕ್ಕೂ ಲೆಕ್ಕದಲ್ಲಿ ಒಂದೊಂದು ಬಾಬು ಉಂಟು. ಆದರೆ ಆ ಲಾರಿಯನ್ನು ನಡೆಸುವ ಮನುಷ್ಯನು ಎಷ್ಟು ಹೊತ್ತು ಎಚ್ಚರದಿಂದಿರಬಲ್ಲನು, ಎಲ್ಲಿ ಮಲಗಬೇಕು ಎಂಬುದಕ್ಕೆ ಮಾತ್ರ ಬಾಬಿಲ್ಲ. ಈ ಒಂದು ಲೋಪವನ್ನು ಕುರಿತೇ ಇಂದು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

2025ನೆಯ ವರ್ಷದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಮೂರು ಸಂಗತಿಗಳು ನಡೆದವು. ಹೊಸದಾಗಿ ತಯಾರಾಗುವ ಭಾರಿ ಲಾರಿಗಳಲ್ಲಿ ಚಾಲಕನು ಕುಳಿತುಕೊಳ್ಳುವ ಕ್ಯಾಬಿನ್ನಿಗೆ ಹವಾನಿಯಂತ್ರಣವು ಕಡ್ಡಾಯವಾಯಿತು. ನವೆಂಬರ್ 1ರಿಂದ, ದೆಹಲಿಯಲ್ಲಿ ನೋಂದಣಿಯಾಗದ, ಬಿ.ಎಸ್. 3 ಹಾಗೂ ಅದಕ್ಕಿಂತ ಹಳೆಯ ದರ್ಜೆಯ ಸರಕು ವಾಹನಗಳಿಗೆ ಆ ನಗರದ ಬಾಗಿಲು ಮುಚ್ಚಿತು, ಬಿ.ಎಸ್. 4 ದರ್ಜೆಯವುಗಳಿಗೆ 2026ರ ಅಕ್ಟೋಬರ್ 31ರ ವರೆಗೆ ಗಡುವು ದೊರೆಯಿತು. ನವೆಂಬರ್ 21ರಂದು, ಬಹುಕಾಲ ಕಾಗದದಲ್ಲಿಯೇ ಉಳಿದಿದ್ದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಮೊದಲನೆಯದು ಚಾಲಕನ ಸೆಕೆಯನ್ನು ವಿಚಾರಿಸಿತು, ಎರಡನೆಯದು ದೆಹಲಿಯ ಗಾಳಿಯನ್ನು ವಿಚಾರಿಸಿತು. ಚಾಲಕನ ಆಯಾಸವನ್ನು ವಿಚಾರಿಸಬೇಕಾದ ಕೆಲಸವು ಮೂರನೆಯದಕ್ಕೆ ಸೇರಿದ್ದು. ಅದು ಆ ಕೆಲಸವನ್ನು ಮಾಡೀತೇ ಎಂಬುದನ್ನು ಪರಿಶೀಲಿಸುವುದಕ್ಕೆ ಮುಂಚೆ ದಾರಿಯನ್ನೇ ಒಮ್ಮೆ ನಡೆದು ನೋಡುವುದು ಒಳ್ಳೆಯದು.

ಬೆಂಗಳೂರಿನಿಂದ ದೆಹಲಿಗೆ ಮುಖ್ಯವಾಗಿ ಎರಡು ದಾರಿಗಳು. ಒಂದು 44ನೆಯ ರಾಷ್ಟ್ರೀಯ ಹೆದ್ದಾರಿ. ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ದಾಟಿ ಅನಂತಪುರ, ಕರ್ನೂಲು, ಹೈದರಾಬಾದು, ನಾಗಪುರ, ಸಾಗರ, ಝಾನ್ಸಿ, ಗ್ವಾಲಿಯರು, ಆಗ್ರಾಗಳ ಮೇಲೆ ಹಾದುಹೋಗುವ ಈ ದಾರಿಯು ಸುಮಾರು 2,150 ಕಿಲೋಮೀಟರು. ತುಂಗಭದ್ರೆ, ಕೃಷ್ಣೆ, ಗೋದಾವರಿ, ನರ್ಮದೆ, ಚಂಬಲುಗಳನ್ನು ಇದು ದಾಟುವುದು. ಎಂಟು ರಾಜ್ಯಗಳ ನೆಲವನ್ನು ತುಳಿದು ದೆಹಲಿಯನ್ನು ಮುಟ್ಟುವುದು. ಮತ್ತೊಂದು 48ನೆಯ ಹೆದ್ದಾರಿ: ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಪುಣೆಗೆ, ಅಲ್ಲಿಂದ ಮುಂಬಯಿಯ ಅಂಚಿನಲ್ಲಿ ಸಾಗಿ ಸೂರತ್ತು, ಅಹಮದಾಬಾದು, ಉದಯಪುರ, ಜಯಪುರಗಳ ಮೂಲಕ ದೆಹಲಿಗೆ. ಇದು ಇನ್ನೂರಕ್ಕೂ ಹೆಚ್ಚು ಕಿಲೋಮೀಟರುಗಳಷ್ಟು ಸುತ್ತು, ಪಶ್ಚಿಮಘಟ್ಟದ ಏರಿಳಿತ ಬೇರೆ.

ಹತ್ತಿರದ ದಾರಿ ಇರುವಾಗ ಸುತ್ತಿನ ದಾರಿಯನ್ನು ಯಾರು ಹಿಡಿದಾರು ಎಂದು ಮನೆಯಲ್ಲಿ ಕುಳಿತವರು ಕೇಳಬಹುದು. ಲಾರಿಯ ಒಡೆಯನು ಹಾಗೆ ಕೇಳುವುದಿಲ್ಲ. ಅವನ ಲಾಭವು ಹೋಗುವ ಸರಕಿನಲ್ಲಿರುವುದಕ್ಕಿಂತ ಹಿಂದಿರುಗುವ ಸರಕಿನಲ್ಲಿ ಹೆಚ್ಚಾಗಿರುವುದು. ಬರಿದಾಗಿ ಹಿಂದಿರುಗುವ ಲಾರಿಯೂ ಡೀಸೆಲು ಕುಡಿಯುವುದು, ಟೋಲು ಕೊಡುವುದು. ಗುಜರಾತು, ಮುಂಬಯಿ, ಪುಣೆಗಳ ಕಾರ್ಖಾನೆಗಳಲ್ಲಿ ವಾಪಸು ಲೋಡು ಸುಲಭವಾಗಿ ಸಿಕ್ಕುವುದಾದರೆ, ಹುಬ್ಬಳ್ಳಿಯಲ್ಲಿ ಅರ್ಧ ಇಳಿಸುವ ಸರಕಿದ್ದರೆ, ಪಶ್ಚಿಮದ ಸುತ್ತುದಾರಿಯೇ ಅಗ್ಗ. ಆದುದರಿಂದ ನಕ್ಷೆಯನ್ನು ನೋಡಿ ದಾರಿಯನ್ನು ಗೊತ್ತುಮಾಡುವವನು ವಿದ್ಯಾರ್ಥಿ; ಬಾಡಿಗೆಯನ್ನು ನೋಡಿ ಗೊತ್ತುಮಾಡುವವನು ವರ್ತಕ. ಇದರಲ್ಲಿ ತಪ್ಪೇನೂ ಇಲ್ಲ. ಸುತ್ತಿನ ದಾರಿಗೆ ಬೇಕಾಗುವ ಅಧಿಕ ಹೊತ್ತನ್ನು ಚಾಲಕನ ಮೈಯಿಂದ ವಸೂಲು ಮಾಡದಿದ್ದರೆ ಸರಿ.

ಇಲ್ಲಿ ಒಂದು ಹಿಂದಿನ ಸಂಗತಿಯನ್ನು ನೆನೆಯಬೇಕು. ಇದೇ ದಾರಿಯಲ್ಲಿ ಒಂದು ಕಾಲದಲ್ಲಿ ಸಂಸ್ಥಾನಗಳ ಗಡಿಗಳಿದ್ದವು, ನಿಜಾಮರ ಸೀಮೆಯ ಕರೋಡಗಿರಿ ಇದ್ದಿತು. ಒಂದೇ ದೇಶದ ಜನರು ತಮ್ಮ ದೇಶದೊಳಗೆಯೇ ಪರದೇಶಿಗಳಂತೆ ಸುಂಕ ಕಟ್ಟಿ ನಡೆಯಬೇಕಾಗಿತ್ತು. ಸ್ವರಾಜ್ಯ ಬಂದು ಸಂಸ್ಥಾನಗಳು ಲೀನವಾದ ಮೇಲೂ ಗಡಿಯ ತನಿಖಾ ಠಾಣೆಗಳು ಹೋಗಲಿಲ್ಲ. ಹೆಸರು ಮಾತ್ರ ಬದಲಾಯಿತು. ಲಾರಿಗಳು ಅಲ್ಲಿ ಗಂಟೆಗಟ್ಟಲೆ, ಕೆಲವು ವೇಳೆ ದಿನಗಟ್ಟಲೆ, ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಬಾಗೇಪಲ್ಲಿಯ ಕಡೆ ಹೋಗಿಬಂದವರೆಲ್ಲರೂ ಬಲ್ಲರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದು, ಅದರ ಹಿಂದೆಯೇ ಮಾರಾಟ ತೆರಿಗೆಯ ಠಾಣೆಗಳು ಒಂದೊಂದಾಗಿ ಎದ್ದುಹೋದವು. ದೇಶದ ಏಕತೆಯನ್ನು ವೇದಿಕೆಗಳ ಮೇಲೆ ಸಾರಿದವರು ಬಹು ಮಂದಿ. ಅದು ಲಾರಿಯ ಗಾಲಿಗೆ ತಿಳಿದುಬಂದುದು ಆ ವರ್ಷ.

ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಠಾಣೆಯ ಸಾಲಿನಲ್ಲಿ ಕಾಯುತ್ತಿದ್ದ ಹೊತ್ತಿನಲ್ಲಿ ಚಾಲಕನು ಒಂದಿಷ್ಟು ಮಲಗುತ್ತಿದ್ದನು. ಸರ್ಕಾರದ ವಿಳಂಬವೇ ಅವನಿಗೆ ವಿಶ್ರಾಂತಿಯಾಗಿತ್ತು! ಆ ವಿಳಂಬವು ಹೋದುದು ದೇಶಕ್ಕೆ ಲಾಭ, ನಿಜ. ಉಳಿದ ಹೊತ್ತು ಯಾರ ಪಾಲಿಗೆ ಹೋಯಿತು? ಚಾಲಕನ ಪಾಲಿಗಂತೂ ಹೋಗಲಿಲ್ಲ.

ಠಾಣೆಗಳ ಬದಲಿಗೆ ಬಂದುದು ಇ-ವೇ ಬಿಲ್ಲು. 50,000 ರೂಪಾಯಿಗೆ ಮೇಲ್ಪಟ್ಟ ಸರಕಿಗೆ ಇದು ಬೇಕು. ರಾಜ್ಯ ರಾಜ್ಯಗಳ ನಡುವಣ ಸಾಗಣೆಗೆ 2018ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಮೊದಲಲ್ಲಿ 100 ಕಿಲೋಮೀಟರಿಗೆ ಒಂದು ದಿನದಂತೆ ಇದರ ಅವಧಿ ಇದ್ದಿತು. 2021ರ ಜನವರಿ 1ರಿಂದ 200 ಕಿಲೋಮೀಟರಿಗೆ ಒಂದು ದಿನವೆಂದು ಮಾಡಿದರು. ಈ ಲೆಕ್ಕದ ಮೇರೆಗೆ ಬೆಂಗಳೂರು–ದೆಹಲಿ ದಾರಿಗೆ ಮೊದಲು 22 ದಿನ ಸಿಕ್ಕುತ್ತಿದ್ದುದು ಈಗ 11 ದಿನ. ಅರ್ಧಕ್ಕೆ ಇಳಿದರೂ ಇದೇನೂ ಬಿಗಿಯಾದ ಗಡುವಲ್ಲ. ಅವಧಿ ಮುಗಿಯುವ ಹಿಂದಿನ ಮತ್ತು ಮುಂದಿನ ಎಂಟೆಂಟು ಗಂಟೆಗಳಲ್ಲಿ ವಿಸ್ತರಿಸಿಕೊಳ್ಳುವ ಅವಕಾಶವೂ ಉಂಟು. ರಸ್ತೆಯಲ್ಲಿ ತಡೆಯುಂಟಾಗಿ ಬಿಲ್ಲಿನ ಅವಧಿ ಮೀರಿದ ಮಾತ್ರಕ್ಕೆ ತೆರಿಗೆ ವಂಚನೆಯೆಂದು ಭಾವಿಸಿ ಸರಕನ್ನು ಹಿಡಿದಿಟ್ಟ ತೆಲಂಗಾಣದ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವರ್ತಕನ ಪರವಾಗಿ ನಿಂತು, ಉಚ್ಚ ನ್ಯಾಯಾಲಯವು ಹಾಕಿದ್ದ ಖರ್ಚಿನ ಮೊಬಲಗನ್ನು ಹೆಚ್ಚಿಸಿತು. ಹೀಗೆ ಸರ್ಕಾರದ ಕಾಗದಕ್ಕೆ ಬೇಕಾದಷ್ಟು ಹೊತ್ತು ಇದೆ. ಚಾಲಕನು ಓಡುತ್ತಿರುವುದು ಸರ್ಕಾರದ ಗಡುವಿಗೆ ಹೆದರಿ ಅಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ದೋಷವನ್ನು ಇಲ್ಲದ ಕಡೆ ಹುಡುಕಿದಂತಾಗುವುದು.

ಹಾಗಾದರೆ ಪ್ರಾಮಾಣಿಕವಾದ ಗಡುವು ಎಷ್ಟು? 1961ರ ಮೋಟಾರು ಸಾರಿಗೆ ಕಾರ್ಮಿಕರ ಶಾಸನವು ಚಾಲಕನ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮೇರೆಯನ್ನು ಹಾಕಿತ್ತು. ದೂರದ ದಾರಿಗಳಿಗೆ ಅಧಿಕಾರಿಗಳ ಒಪ್ಪಿಗೆಯಿಂದ ದಿನಕ್ಕೆ 10 ಗಂಟೆಯ ವರೆಗೆ ಅವಕಾಶ. ಐದು ಗಂಟೆ ನಡೆಸಿದ ಮೇಲೆ ಅರ್ಧ ಗಂಟೆಯ ವಿರಾಮ. 1988ರ ಮೋಟಾರು ವಾಹನ ಶಾಸನದ 91ನೆಯ ಪ್ರಕರಣವು ಇದನ್ನೇ ಎತ್ತಿಹಿಡಿಯಿತು. 1961ರ ಶಾಸನವು ಈಗ 2020ರ ಸಂಹಿತೆಯಲ್ಲಿ ಸೇರಿಹೋಗಿದೆ. 8 ಗಂಟೆಯ ತತ್ತ್ವವು ಮಾತ್ರ ಹಾಗೆಯೇ ಇದೆ. ಭಾರ ಹೊತ್ತ ಲಾರಿಯು ಏರು, ತಿರುವು, ಊರು, ಟೋಲುಗಳನ್ನೆಲ್ಲ ಕೂಡಿಸಿಕೊಂಡು ಸರಾಸರಿ ಗಂಟೆಗೆ 40 ಕಿಲೋಮೀಟರು ಹೋಗುವುದೆಂದು ಹಿಡಿದರೆ ಒಬ್ಬ ಚಾಲಕನಿಗೆ ದಿನಕ್ಕೆ 320 ಕಿಲೋಮೀಟರು.

ಈ ಅಳತೆಯಿಂದ ದಾರಿಯನ್ನು ಭಾಗಿಸಿ ನೋಡೋಣ. ಮೊದಲನೆಯ ರಾತ್ರಿ ಕರ್ನೂಲಿಗೆ ಈಚೆ ಡೋನ್ ಪಟ್ಟಣದ ಆಸುಪಾಸಿನಲ್ಲಿ ತಂಗಬೇಕು. ಎರಡನೆಯ ರಾತ್ರಿ ಹೈದರಾಬಾದಿನ ಹೊರವರ್ತುಲ ರಸ್ತೆಯನ್ನು ಬಳಸಿ ಉತ್ತರಕ್ಕೆ ರಾಮಾಯಂಪೇಟೆ. ಮೂರನೆಯದು ಪೈನಗಂಗೆಯನ್ನು ದಾಟಿ ಪಾಂಢರಕವಡಾದ ಆಚೆ. ನಾಲ್ಕನೆಯದು ನಾಗಪುರ, ಸಿವನಿಗಳನ್ನು ಕಳೆದು ಲಖನಾದೌನು, ಐದನೆಯದು ಲಲಿತಪುರ, ಆರನೆಯದು ಆಗ್ರಾ. ಏಳನೆಯ ದಿನ ದೆಹಲಿ. ಇದು ಒಬ್ಬ ಚಾಲಕನಿಗೆ ಶಾಸನವು ಒಪ್ಪುವ ಪ್ರಯಾಣ. ವಾರದ ರಜೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೊಂದು ದಿನ ಹೆಚ್ಚು. ಇಬ್ಬರು ಚಾಲಕರಿದ್ದು ಸರದಿಯ ಮೇಲೆ ನಡೆಸಿದರೆ ದಿನಕ್ಕೆ 640 ಕಿಲೋಮೀಟರು, ನಾಲ್ಕನೆಯ ದಿನವೇ ದೆಹಲಿ.

ಈಗ ವರ್ತಕನು ನಾಲ್ಕು ದಿನದ ಕರಾರು ಮಾಡಿ ಒಬ್ಬನೇ ಚಾಲಕನನ್ನು ಕಳುಹಿಸಿದರೆ ಏನಾಗುವುದು? ದಿನಕ್ಕೆ 537 ಕಿಲೋಮೀಟರು. ಅಂದರೆ ಹದಿಮೂರು ಗಂಟೆಗೂ ಮೇಲ್ಪಟ್ಟು ಚಕ್ರವನ್ನು ಹಿಡಿದಿರುವುದು. ಸರಕು ಏರಿಸುವ ಹೊತ್ತು, ಕಟ್ಟಿದ ಹಗ್ಗವನ್ನೂ ಟೈರನ್ನೂ ನೋಡಿಕೊಳ್ಳುವ ಹೊತ್ತು, ಊಟ, ಸ್ನಾನ, ಪೊಲೀಸರಿಗೆ ಕಾಗದ ತೋರಿಸುವ ಹೊತ್ತು ಇದಕ್ಕೆ ಸೇರಿಲ್ಲ. ಇವೆಲ್ಲವನ್ನೂ ಸೇರಿಸಿದ ಮೇಲೆ ನಿದ್ರೆಗೆ ಉಳಿಯುವುದೆಷ್ಟು ಎಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು. ಲೈಸೆನ್ಸಿಲ್ಲದ ಕ್ಲೀನರು ಹುಡುಗನು ನಡುರಾತ್ರಿಯಲ್ಲಿ ಚಕ್ರಕ್ಕೆ ಕೂರುವುದು ಇಂತಹ ಲೆಕ್ಕದಿಂದಲೇ.

ಇದನ್ನು ತಡೆಯುವುದಕ್ಕೆ ಹಿಂದೆ ಒಂದು ನಿಯಮವಿದ್ದಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 90ನೆಯದು, ರಾಷ್ಟ್ರೀಯ ಪರವಾನಗಿ ಪಡೆದ ಭಾರಿ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕೆಂದೂ, ಬಿಡುವಿನಲ್ಲಿರುವ ಚಾಲಕನು ಮೈಚಾಚಿ ಮಲಗುವುದಕ್ಕೆ ಮುಂದಿನ ಆಸನದ ಹಿಂದೆ ಲಾರಿಯ ಅಗಲಕ್ಕೂ ಒಂದು ಹಾಸು ಇರಬೇಕೆಂದೂ ವಿಧಿಸಿತ್ತು. ನಿಯಮವನ್ನು ಬರೆದವರು ಯಾರೇ ಆಗಲಿ, ಲಾರಿಯ ಬಾಳನ್ನು ಬಲ್ಲವರೇ ಸರಿ. 2018ರ ನವೆಂಬರಿನಲ್ಲಿ ಇಬ್ಬರು ಚಾಲಕರ ನಿರ್ಬಂಧವನ್ನು ತೆಗೆದುಹಾಕಿದರು. ಚಾಲಕರು ಸಿಕ್ಕುವುದಿಲ್ಲ, ನಿಯಮವನ್ನು ಯಾರೂ ಪಾಲಿಸುತ್ತಿಲ್ಲ, ಅದು ಲಂಚಕ್ಕೆ ದಾರಿಯಾಗಿದೆ ಎಂಬ ಕಾರಣಗಳನ್ನು ಒಡೆಯರು ಮುಂದಿಡುವುದುಂಟು. ಅವೆಲ್ಲವೂ ಸುಳ್ಳಲ್ಲ. ಪಾಲಿಸದ ನಿಯಮವು ಠಾಣೆಯವನ ಕೈಗೆ ಕೋಲಾಗುವುದು ನಮಗೂ ತಿಳಿದ ಸಂಗತಿಯೇ. ಆದರೆ ಎರಡನೆಯ ಚಾಲಕನನ್ನು ತೆಗೆದ ದಿನವೇ ಮೊದಲನೆಯವನ ಗಂಟೆಗಳನ್ನು ಎಣಿಸುವ ಏರ್ಪಾಡನ್ನೂ ಮಾಡಬೇಕಾಗಿತ್ತು. ಅದನ್ನು ಮಾಡಲಿಲ್ಲ. ಅದೇ ವರ್ಷ ಜುಲೈ ತಿಂಗಳಲ್ಲಿ ಲಾರಿ ಹೊರಬಹುದಾದ ಭಾರವನ್ನೂ ಹೆಚ್ಚಿಸಿದ್ದರು. ಮೂರು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಹೀಗೆ ಒಂದೇ ವರ್ಷದಲ್ಲಿ ಸರಕು ಹೆಚ್ಚಿತು, ಮನುಷ್ಯರು ಕಡಿಮೆಯಾದರು.

ಎರಡನೆಯ ಚಾಲಕನನ್ನು ಇಟ್ಟರೆ ಬಾಡಿಗೆ ಏರಿ ವ್ಯಾಪಾರ ಕೆಡುವುದೆಂಬ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಲೀಟರಿಗೆ 4 ಕಿಲೋಮೀಟರಿನಂತೆ ಈ ದಾರಿಗೆ ಸುಮಾರು 540 ಲೀಟರು ಡೀಸೆಲು ಬೇಕು. 2025ರಲ್ಲಿ ಬೆಂಗಳೂರಿನಲ್ಲಿದ್ದಂತೆ ಲೀಟರಿಗೆ 90 ರೂಪಾಯಿಯ ಆಸುಪಾಸು ಹಿಡಿದರೆ 48,600 ರೂಪಾಯಿ. ಎರಡನೆಯ ಚಾಲಕನಿಗೆ ತಿಂಗಳಿಗೆ 24,000 ಕೊಡುವರೆಂದು ಇಟ್ಟುಕೊಂಡರೂ ಏಳು ದಿನಕ್ಕೆ 5,600 ರೂಪಾಯಿ. ಅವನ ಊಟವನ್ನು ಬಿಟ್ಟರೆ, ಡೀಸೆಲಿನ ಖರ್ಚಿನ ಎಂಟರಲ್ಲೊಂದು ಪಾಲನ್ನೂ ಇದು ಮುಟ್ಟದು. ಏಳು ದಿನದ ದಾರಿ ನಾಲ್ಕು ದಿನಕ್ಕೆ ಇಳಿದು ಲಾರಿಯು ತಿಂಗಳಲ್ಲಿ ಒಂದು ಸುತ್ತು ಹೆಚ್ಚು ಹೋಗಿಬರುವ ಲಾಭವನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಎರಡನೆಯ ಚಾಲಕನು ಖರ್ಚಿನ ಬಾಬು ಎಂಬುದು, ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದವರ ಮಾತು. ಚಾಲಕರು ನಿಜವಾಗಿಯೂ ಸಿಕ್ಕದಿದ್ದರೆ ಅದು ಬೇರೆಯ ತೊಂದರೆ. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ಹದಿಮೂರು ಗಂಟೆ ದುಡಿಯುವ ಕೆಲಸಕ್ಕೆ ತಂದೆಯು ಮಗನನ್ನು ಕಳುಹಿಸದಿದ್ದರೆ ಆಶ್ಚರ್ಯವೇನು?

ಬೇಗ ಹಾಳಾಗುವ ಸರಕಿನ ವಿಷಯ ಇನ್ನೂ ಕಠಿನ. 2023ರ ಜುಲೈಯಲ್ಲಿ ಟೊಮ್ಯಾಟೋ ಬೆಲೆ ಗಗನಕ್ಕೇರಿದಾಗ ಕೇಂದ್ರ ಸರ್ಕಾರದವರು ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳ ಮಂಡಿಗಳಲ್ಲಿ ಕೊಂಡು ದೆಹಲಿಯಲ್ಲಿ ಕಿಲೋಗೆ 90 ರೂಪಾಯಿಯಂತೆ ಮಾರಿಸಿದರು. ಆ ಹಣ್ಣು ಲಾರಿಯ ಮೇಲೆಯೇ ಹೋದುದು. ತಾಜಾ ತರಕಾರಿಗೆ ಇ-ವೇ ಬಿಲ್ಲು ಬೇಕಿಲ್ಲ, ಆದರೆ ಅದಕ್ಕೆ ತನ್ನದೇ ಗಡುವು ಉಂಟು, ಆ ಗಡುವಿಗೆ ವಿಸ್ತರಣೆ ಇಲ್ಲ. ಕೋಲಾರದ ಮಂಡಿಯಲ್ಲಿ ಪೆಟ್ಟಿಗೆಗಳನ್ನು ಏರಿಸಿದ ಗಳಿಗೆಯಿಂದ ಚಾಲಕನು ಕೊಳೆತದ ವಿರುದ್ಧ ಓಡಬೇಕು. ಇಂತಹ ಸರಕಿಗೇ ಇಬ್ಬರು ಚಾಲಕರು ಅವಶ್ಯವಾಗಿ ಬೇಕು. ದೆಹಲಿಯ ಗೃಹಸ್ಥನಿಗೆ ಅಗ್ಗದ ಹಣ್ಣನ್ನು ಮುಟ್ಟಿಸಿದ ಕೀರ್ತಿಯು ಇಲಾಖೆಗೆ ಸಂದಿತು. ಎಚ್ಚರವಿದ್ದು ತಂದವನ ಹೆಸರನ್ನು ಯಾರೂ ಎತ್ತಲಿಲ್ಲ.

ದೆಹಲಿಯ ಬಾಗಿಲಲ್ಲಿ ಇನ್ನೊಂದು ತೊಡಕು. ಭಾರಿ ಲಾರಿಗಳಿಗೆ ಆ ನಗರದೊಳಗೆ ಬೆಳಗ್ಗೆ, ಸಂಜೆಯ ಗೊತ್ತಾದ ಹೊತ್ತುಗಳಲ್ಲಿ ಪ್ರವೇಶವಿಲ್ಲ. ಚಳಿಗಾಲದಲ್ಲಿ ಗಾಳಿ ಕೆಟ್ಟರೆ ನಿರ್ಬಂಧಗಳು ಇನ್ನೂ ಬಿಗಿಯಾಗುವುವು. ದೆಹಲಿಗೆ ಸಂಬಂಧವಿಲ್ಲದ ಲಾರಿಗಳು ಹೊರಗಿನಿಂದಲೇ ಹೋಗಲೆಂದು ಪೂರ್ವ, ಪಶ್ಚಿಮಗಳಲ್ಲಿ ಎರಡು ಬಳಸುದಾರಿಗಳನ್ನು 2018ರಲ್ಲಿ ಪೂರ್ತಿಮಾಡಿದರು. ಇದು ಒಳ್ಳೆಯ ಕೆಲಸ. ಆದರೆ ದೆಹಲಿಯಲ್ಲಿಯೇ ಸರಕು ಇಳಿಸಬೇಕಾದವನು ರಸ್ತೆಯ ಬದಿಯಲ್ಲಿ ಕಾಯಬೇಕು. ಗೋದಾಮಿನ ಮುಂದೆ ಸರದಿಗಾಗಿ ಕಾಯುವುದು ಬೇರೆ. ಈ ಕಾಯುವಿಕೆಯನ್ನು ಕೆಲವು ಒಡೆಯರು ವಿಶ್ರಾಂತಿಯೆಂದು ಲೆಕ್ಕ ಹಿಡಿಯುವರು. ಯಾವ ಗಳಿಗೆಯಲ್ಲಿ ಕೂಗು ಬಂದೀತೋ ಎಂದು ಚಕ್ರದ ಮೇಲೆ ತಲೆಯಿಟ್ಟು ತೂಕಡಿಸುವುದು ವಿಶ್ರಾಂತಿಯೇ? ಕಚೇರಿಯ ಅಧಿಕಾರಿಗಳಾದ ನಮ್ಮ ವಾಚಕರು ತಮ್ಮ ಮೇಜಿನ ಮೇಲೆ ಒಂದು ರಾತ್ರಿ ಹೀಗೆ ಮಲಗಿ ನೋಡಿ ಉತ್ತರ ಹೇಳಬಹುದು.

ನಾಗಪುರದಿಂದ ಸಿವನಿಗೆ ಹೋಗುವಾಗ ಪೇಂಚ್ ಅರಣ್ಯವು ಸಿಕ್ಕುವುದು. ಅಲ್ಲಿ ಹುಲಿ, ಜಿಂಕೆ ಮೊದಲಾದವು ಕೆಳಗೆ ದಾಟಿಹೋಗಲೆಂದು ಹೆದ್ದಾರಿಯನ್ನೇ ಅಲ್ಲಲ್ಲಿ ಮೇಲಕ್ಕೆತ್ತಿದ್ದಾರೆ. ಅಂತಹ ಒಂದು ಕೆಳದಾರಿಯ ಉದ್ದ 750 ಮೀಟರು. ಮೃಗಗಳು ಎಲ್ಲಿ, ಯಾವಾಗ ಸಂಚರಿಸುವುವು ಎಂದು ವಿಚಾರಮಾಡಿ ಕಟ್ಟಿದ ರಸ್ತೆ ಅದು. ಇದನ್ನು ಹಳಿಯುವ ಉದ್ದೇಶ ನಮಗಿಲ್ಲ, ಮೆಚ್ಚುತ್ತೇವೆ. ಅಷ್ಟೇ ವಿಚಾರವನ್ನು ಆ ರಸ್ತೆಯ ಮೇಲಿರುವ ಮನುಷ್ಯನ ವಿಷಯದಲ್ಲಿಯೂ ಮಾಡಬಹುದಲ್ಲವೇ? 2024ರ ಫೆಬ್ರವರಿ 2ರಂದು ಪ್ರಧಾನಮಂತ್ರಿಗಳು ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಗೃಹಗಳನ್ನು ಕಟ್ಟಿಸುವುದಾಗಿ ಸಾರಿದರು. ಗೃಹಗಳು ಬೇಕು. ಆದರೆ ಮಲಗಲು ಹೊತ್ತೇ ಇಲ್ಲದವನಿಗೆ ಮಂಚವೆಷ್ಟು ಒಳ್ಳೆಯದಾದರೇನು? ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರೇ 2021ರ ಸೆಪ್ಟೆಂಬರಿನಲ್ಲಿ, ವಿಮಾನ ನಡೆಸುವವರಿಗಿರುವಂತೆ ಲಾರಿ ಚಾಲಕರಿಗೂ ಗಂಟೆಗಳು ಗೊತ್ತಾಗಬೇಕೆಂದು ಹೇಳಿದ್ದರು. ಸಚಿವರ ಮಾತು ಶಾಸನದಲ್ಲಿ ಮೊದಲೇ ಇದ್ದಿತು. ಬೇಕಾಗಿದ್ದುದು ಎಣಿಸುವ ಕೈ.

ಶಿಕ್ಷೆಯ ವಿಷಯದಲ್ಲಿ ಸರ್ಕಾರಕ್ಕಿರುವ ಉತ್ಸಾಹವು ಈ ಎಣಿಕೆಯ ವಿಷಯದಲ್ಲಿ ಕಾಣದು. ಅಪಘಾತ ಮಾಡಿ ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷದ ವರೆಗೆ ಸೆರೆಯನ್ನು ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದ ಎರಡನೆಯ ಭಾಗದ ವಿರುದ್ಧ 2024ರ ಜನವರಿಯ ಮೊದಲಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಪೆಟ್ರೋಲು ಬಂಕುಗಳ ಮುಂದೆ ಜನರ ಸಾಲು ಬೆಳೆಯಿತು. ಅಖಿಲ ಭಾರತ ಮೋಟಾರು ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ಸಿನವರೊಡನೆ ವಿಚಾರಿಸಿದ ಮೇಲೆಯೇ ಅದನ್ನು ಜಾರಿಗೆ ತರುವೆವೆಂದು ಸರ್ಕಾರದವರು ಭರವಸೆಯಿತ್ತರು. ಆ ವರ್ಷದ ಜುಲೈ 1ರಂದು ಸಂಹಿತೆಯು ಜಾರಿಗೆ ಬಂದಾಗ ಆ ಭಾಗವನ್ನು ತಡೆಹಿಡಿದರು. ಓಡಿಹೋಗುವವನನ್ನು ನಾವು ಸಮರ್ಥಿಸುವುದಿಲ್ಲ. 2022ನೆಯ ವರ್ಷವೊಂದರಲ್ಲಿಯೇ ಈ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇದು ಸಹಿಸತಕ್ಕ ಸಂಖ್ಯೆಯಲ್ಲ. ಆದರೆ ಹದಿಮೂರು ಗಂಟೆ ನಡೆಸಿ ಕಣ್ಣು ಮುಚ್ಚಿದವನನ್ನು ಸೆರೆಗೆ ಕಳುಹಿಸಿ, ಹದಿಮೂರು ಗಂಟೆಯ ಕರಾರಿಗೆ ರುಜುಹಾಕಿದವನನ್ನು ಸಾಕ್ಷಿಯಾಗಿ ಕೂಡ ಕರೆಯದಿರುವುದು ಯಾವ ನ್ಯಾಯ?

ಯೂರೋಪಿನ ದೇಶಗಳಲ್ಲಿ ಚಾಲಕನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಯ ಮೇರೆ. ಲಾರಿಯಲ್ಲಿಟ್ಟ ಯಂತ್ರವು ಇದನ್ನು ಬರೆದಿಡುವುದು. ನಮ್ಮಲ್ಲಿ ಅಂತಹ ಯಂತ್ರಕ್ಕಾಗಿ ಕಾಯಬೇಕಾದ ಅಗತ್ಯವೇ ಇಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗು ಕಡ್ಡಾಯವಾಗಿದೆ. ಪ್ರತಿಯೊಂದು ಟೋಲಿನ ಕಟ್ಟೆಯೂ ಲಾರಿಯು ದಾಟಿದ ಗಳಿಗೆಯನ್ನು ಗುರುತು ಹಾಕುತ್ತಿದೆ. ಲಾರಿಯು ಎಷ್ಟು ಹೊತ್ತಿಗೆ ಎಲ್ಲಿದ್ದಿತು, ರಾತ್ರಿ ನಿಂತಿತೋ ಇಲ್ಲವೋ ಎಂಬುದು ಸರ್ಕಾರದ ಬಳಿಯಲ್ಲಿಯೇ ಇದೆ. ಹಣ ವಸೂಲಿಗೆ ಅದನ್ನು ಓದುವರು, ಮಿಕ್ಕಿದ್ದಕ್ಕೆ ಓದುವುದಿಲ್ಲ. ಕೊರತೆಯೆಂದರೆ ಚಕ್ರದ ಮುಂದೆ ಯಾರಿದ್ದರೆಂಬುದು ಅದರಿಂದ ತಿಳಿಯದು. ಇ-ವೇ ಬಿಲ್ಲಿನ ಎರಡನೆಯ ಭಾಗದಲ್ಲಿ ವಾಹನದ ಸಂಖ್ಯೆಯನ್ನು ಬರೆಯುವಂತೆ ಚಾಲಕನ, ಇಬ್ಬರಿದ್ದರೆ ಇಬ್ಬರ, ಲೈಸೆನ್ಸ್ ಸಂಖ್ಯೆಯನ್ನೂ ಬರೆಯಿಸಿದರೆ ಆ ಕೊರತೆಯು ಬಹುಮಟ್ಟಿಗೆ ತುಂಬುವುದು.

ಇದು ರಸ್ತೆಯ ಮೇಲಿನ ಇನ್‌ಸ್ಪೆಕ್ಟರುಗಳಿಗೆ ಇನ್ನೊಂದು ವಸೂಲಿಯ ದಾರಿಯಾಗುವುದೆಂಬ ಆಕ್ಷೇಪವು ಬಂದೇ ಬರುವುದು. ಆದುದರಿಂದಲೇ ದಂಡವನ್ನು ದಾರಿಯಲ್ಲಿ ಹಾಕಕೂಡದು, ಚಾಲಕನ ಮೇಲೆಯೂ ಹಾಕಕೂಡದು. ಪ್ರಯಾಣ ಮುಗಿದ ಮೇಲೆ, ಟೋಲಿನ ಗುರುತುಗಳನ್ನು ಬಿಲ್ಲಿನೊಡನೆ ಹೋಲಿಸಿ ನೋಡಿ, ಒಬ್ಬನೇ ಚಾಲಕನಿಂದ ಅಸಾಧ್ಯವಾದ ಓಟವನ್ನು ಮಾಡಿಸಿದ ಸಾಗಣೆ ಕಂಪನಿಗೂ, ಅಂತಹ ಗಡುವನ್ನು ಕರಾರಿನಲ್ಲಿ ಬರೆಸಿದ ವರ್ತಕನಿಗೂ ನೋಟೀಸು ಹೋಗಬೇಕು. 1961ರ ಶಾಸನವು ಐದು ಮಂದಿ ಕಾರ್ಮಿಕರಿಗಿಂತ ಕಡಿಮೆಯಿರುವ ಸಂಸ್ಥೆಗಳನ್ನು ಬಿಟ್ಟುಬಿಟ್ಟಿದ್ದಿತು. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಲಾರಿಗಳ ಸಣ್ಣ ಒಡೆಯರ ಕೈಯಲ್ಲಿರುವುದರಿಂದ ಶಾಸನವು ಅವರ ಬಾಗಿಲಿಗೆ ಹೋಗಲೇ ಇಲ್ಲ. ಹೊಸ ಸಂಹಿತೆಯ ನಿಯಮಗಳನ್ನು ಜಾರಿಗೆ ತರುವ ಅಧಿಕಾರಿಗಳು ಇದೇ ಕಿಂಡಿಯನ್ನು ಮತ್ತೆ ತೆರೆದಿಡಬಾರದು. ಕಾರ್ಮಿಕರ ಸಂಖ್ಯೆಯನ್ನಲ್ಲ, ದಾರಿಯ ಉದ್ದವನ್ನು ನೋಡಬೇಕು. 500 ಕಿಲೋಮೀಟರಿಗೆ ಮೇಲ್ಪಟ್ಟ ಯಾವ ಬಾಡಿಗೆಗಾದರೂ, ಒಡೆಯನು ದೊಡ್ಡವನಿರಲಿ ಚಿಕ್ಕವನಿರಲಿ, ಗಂಟೆಗಳ ಲೆಕ್ಕ ಇರಬೇಕು.

ಇಷ್ಟೆಲ್ಲ ಆಗುವುದಕ್ಕೆ ಕಾಲ ಹಿಡಿಯುವುದೆಂದು ಹೇಳುವವರು ಹೇಳಲಿ. ಸರ್ಕಾರವೇ ಸರಕನ್ನು ಕಳುಹಿಸುವ ಸಂದರ್ಭಗಳು ಉಂಟಷ್ಟೆ: ಟೊಮ್ಯಾಟೋ ಇರಬಹುದು, ಔಷಧಿ ಇರಬಹುದು, ಯಂತ್ರಸಾಮಗ್ರಿ ಇರಬಹುದು. ಆ ಸಾಗಣೆಯ ಟೆಂಡರುಗಳಲ್ಲಿ ಬೆಂಗಳೂರು–ದೆಹಲಿ ದಾರಿಗೆ ಒಬ್ಬ ಚಾಲಕನಾದರೆ ಏಳು ದಿನ, ನಾಲ್ಕು ದಿನ ಬೇಕಾದರೆ ಇಬ್ಬರು ಚಾಲಕರು ಎಂದು ಬರೆಯುವುದಕ್ಕೆ ಸಂಸತ್ತಿನ ಅಪ್ಪಣೆಯೇನೂ ಬೇಕಿಲ್ಲ. ಇಲಾಖೆಯ ಮುಖ್ಯಾಧಿಕಾರಿಯ ಒಂದು ಸುತ್ತೋಲೆ ಸಾಕು.